ಅಕ್ಕ ಪಾಸು ಮಾಡಿದ ಹೆಸರು

ನಮ್ಮಕ್ಕನ ಒಪ್ಪಿಗೆ ಪಡೆಯುವುದಕ್ಕಿಂತ ಕೇಂದ್ರ ಸರ್ಕಾರದ ಮಂಜೂರಾತಿ ಪಡೆಯುವುದು ಸುಲಭ. ಇದು ನಾನು ಕಟ್ಟಿದ ಮಾತಲ್ಲ. ಇಪ್ಪತ್ತೆಂಟು ವರ್ಷಗಳಿಂದ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಒಂದು ಇಲಾಖೆಯ ಟಪಾಲು ವಿಭಾಗದಲ್ಲಿ ಕೂತಿರುವ ಅವಳೇ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. ಸರ್ಕಾರಕ್ಕಾದರೆ ಮೂರು ಪ್ರತಿ ಅರ್ಜಿ ಕೊಟ್ಟು, ಎರಡು ಸಲ ನೆನಪೋಲೆ ಬರೆದರೆ ಒಂದು ದಿನ ಕೆಲಸ ಆಗುತ್ತದೆ. ಅಕ್ಕನಿಗೆ ಅರ್ಜಿ ಕೊಟ್ಟರೆ ಅವಳು ಮೊದಲು ಆ ಕಾಗದ ಎಷ್ಟು ದಪ್ಪ ಇದೆ ಎಂದು ಬೆರಳಿನಲ್ಲಿ ತಿಕ್ಕಿ ನೋಡುತ್ತಾಳೆ.

ಪರೀಕ್ಷೆ ಮಾಡದೆ ಅವಳು ಯಾವುದನ್ನೂ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ಲೋಧಿ ಕಾಲೋನಿಯ ಅವಳ ಕ್ವಾರ್ಟರ್ಸಿನ ಮುಂದೆ ತಳ್ಳುಗಾಡಿ ತರುವ ಕಲ್ಲಂಗಡಿ ಭಯ್ಯಾ, ಅವಳು ಮೆಟ್ಟಿಲಿಳಿಯುವುದು ಕಂಡರೆ ಗಾಡಿಯನ್ನು ಸ್ವಲ್ಪ ಬೇಗ ತಳ್ಳುತ್ತಾನೆ. ಯಾಕೆಂದರೆ ಎಲ್ಲರ ಹಾಗೆ ಒಂದು ಸಲ ಹಣ್ಣು ತಟ್ಟಿ ನೋಡಿ ಬಿಡುವ ಜಾತಿ ಅವಳದಲ್ಲ. ತಟ್ಟಿ, ಕಿವಿಗೊಟ್ಟು ಕೇಳಿ, ಪಕ್ಕದ ಹಣ್ಣನ್ನೂ ತಟ್ಟಿ, ಎರಡರ ಸ್ವರವನ್ನೂ ಹೋಲಿಸಿ, ಕೊನೆಗೆ ಅವನಿಗೇ "ಭಯ್ಯಾ, ಈಗ ನೀನು ತಟ್ಟು, ನಾನು ದೂರದಿಂದ ಕೇಳ್ತೀನಿ" ಎಂದು ಬೇವಿನ ಮರದ ಕೆಳಗೆ ಹೋಗಿ ನಿಲ್ಲುತ್ತಾಳೆ. ಅವನು ಪಾಪ, ತಬಲಾ ಕಲಿಯುವವನ ಹಾಗೆ ಒಂದೊಂದೇ ಹಣ್ಣು ತಟ್ಟುತ್ತಾನೆ. ಅರ್ಧ ಗಂಟೆಯ ಕಛೇರಿ ಮುಗಿದ ಮೇಲೆ ಅಕ್ಕ ಒಂದು ಸೌತೆಕಾಯಿ ಕೊಳ್ಳುತ್ತಾಳೆ.

ನನ್ನ ಹೆಂಡತಿಯೂ ಪರೀಕ್ಷೆ ಬರೆದೇ ಬಂದವಳು. ಅವಳ ಅಪ್ಪ ಅಮ್ಮ ಕರ್ನಾಟಕದವರಾದರೂ ಅವಳು ಹುಟ್ಟಿ ಬೆಳೆದದ್ದೆಲ್ಲ ದೆಹಲಿಯಲ್ಲಿ. ಹೆಣ್ಣು ನೋಡುವ ಶಾಸ್ತ್ರ ಎಂದರೆ ಉಪ್ಪಿಟ್ಟು, ಕೇಸರಿಬಾತು, ತಲೆ ತಗ್ಗಿಸಿ ಕೂತ ಹುಡುಗಿ ಎಂದುಕೊಂಡಿದ್ದ ಅವರ ಮನೆಯವರಿಗೆ ಅಕ್ಕ ಫೋನ್ ಮಾಡಿ, "ಹುಡುಗಿ ಭಾನುವಾರ ರಾಜೀವ್ ಚೌಕ್ ಮೆಟ್ರೋ ಸ್ಟೇಷನ್ನಿಗೆ ಬರಲಿ" ಎಂದಳು. ಅಲ್ಲಿ ಅವಳಿಗೆ ಹೇಳಿದ್ದು ಒಂದೇ ಮಾತು: "ನನ್ನನ್ನು ಆರನೇ ಗೇಟಿನಿಂದ ಹೊರಗೆ ಕರಕೊಂಡು ಹೋಗು. ಯಾರನ್ನೂ ಕೇಳಬಾರದು, ಬೋರ್ಡೂ ನೋಡಬಾರದು." ಆ ಜನಜಂಗುಳಿಯಲ್ಲಿ ಹುಡುಗಿ ಅಕ್ಕನ ಕೈ ಹಿಡಿದುಕೊಂಡು ನಾಲ್ಕು ನಿಮಿಷದಲ್ಲಿ ಬಿಸಿಲಿಗೆ ತಂದು ನಿಲ್ಲಿಸಿದಳು. ಅಕ್ಕ ಹಿಂದೆ ಬೆವರು ಒರೆಸಿಕೊಳ್ಳುತ್ತ ಬರುತ್ತಿದ್ದ ನನ್ನನ್ನು ನೋಡಿ, "ಈ ಹುಡುಗಿ ದಾರಿ ತಪ್ಪಿಸೋಳಲ್ಲ. ನೀನು ತಪ್ಪಿಸಿಕೊಳ್ಳೋಕೂ ಆಗಲ್ಲ. ತಾಂಬೂಲ ಬದಲಾಯಿಸೋಣ" ಎಂದಳು.

ಇಂಥವಳ ಕೈಗೆ ಒಂದು ಹೆಣ್ಣುಮಗುವಿನ ಹೆಸರು ಸಿಕ್ಕರೆ ಏನಾಗಬಹುದು ಎಂದು ನೀವೇ ಊಹಿಸಿ.

ಕಳೆದ ವರ್ಷ ನಮಗೆ ಎರಡನೆಯ ಮಗಳು ಹುಟ್ಟಿದಳು. ಹಿರಿಯವಳಿಗೆ ಆಗ ಆರು ವರ್ಷ. ಹಿರಿಯವಳು ಹುಟ್ಟಿದಾಗ ಅಕ್ಕ ಊರಿನಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದ ಅಮ್ಮನ ಪಕ್ಕದಲ್ಲಿದ್ದಳು. ನಾವು ಗಂಡ ಹೆಂಡತಿ ಮೊಬೈಲಿನಲ್ಲಿ ಹುಡುಕಿ, ಒಂದು ಮಧ್ಯಾಹ್ನದಲ್ಲಿ ಹೆಸರಿಟ್ಟು ಮುಗಿಸಿದ್ದೆವು. ಅದೇ ಹೆಸರಿನ ಇನ್ನೂ ಮೂವರು ಹುಡುಗಿಯರು ಈಗ ಅವಳ ತರಗತಿಯಲ್ಲಿದ್ದಾರೆ. ಟೀಚರು ಕರೆದರೆ ನಾಲ್ವರೂ ಎದ್ದು ನಿಲ್ಲುತ್ತಾರಂತೆ. ಅಕ್ಕ ಇದನ್ನು ನೆನೆದಾಗಲೆಲ್ಲ, "ಹೆಸರಿಡು ಅಂದ್ರೆ ರೇಷನ್ ಅಂಗಡಿ ಅಕ್ಕಿ ತಂದಿದ್ದೀಯಲ್ಲೋ" ಎನ್ನುತ್ತಾಳೆ. ಆದ್ದರಿಂದ ಈ ಸಲ ಅವಳು ಬಿಡುವ ಹಾಗಿರಲಿಲ್ಲ. ಸೋದರತ್ತೆ ಹೆಸರಿಡಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಅವಳ ಬಾಯಲ್ಲಿ ಅದು ಸಂವಿಧಾನದ ವಿಧಿ.

ದೆಹಲಿಗೆ ಅಂಟಿಕೊಂಡ ಇಂದಿರಾಪುರದ ನಮ್ಮ ಹನ್ನೊಂದನೇ ಮಹಡಿಯ ಫ್ಲ್ಯಾಟಿಗೆ ಅವಳು ಮೂರು ವಾರದ ಗಳಿಕೆ ರಜೆ ಹಾಕಿ ಬಂದಿಳಿದಳು. ಕೈಯಲ್ಲಿ ಒಂದು ಸೂಟ್‌ಕೇಸು, ಕಂಕುಳಲ್ಲಿ ದಾರ ಕಟ್ಟಿದ ಒಂದು ಕಡತ. ಕಡತದ ಮೇಲೆ ದುಂಡಗೆ ಬರೆದಿದ್ದಳು: ‘ವಿಷಯ: ಹೆಣ್ಣುಮಗು — ಹೆಸರಿನ ಬಗ್ಗೆ’.

ಊರಿನ ಪುರೋಹಿತರಿಗೆ ಫೋನ್ ಹಚ್ಚಿದೆವು. ಹುಟ್ಟಿದ ಹೊತ್ತು ಕೇಳಿ ಅವರು ಲೆಕ್ಕ ಹಾಕಿ ಹೇಳಿದರು: "ರೋಹಿಣಿ ನಕ್ಷತ್ರ, ಒಂದನೇ ಪಾದ. ಓಕಾರದಿಂದ ಶುರುವಾಗೋ ಹೆಸರಿಡಿ."

"ಓ ಅಂದ್ರೆ ದೀರ್ಘವೋ ಹ್ರಸ್ವವೋ?" ಎಂದಳು ಅಕ್ಕ.

"ಅಂದ್ರೆ?"

"ಓತಿಕ್ಯಾತದ ಓ ನೋ, ಒಂಟೆಯ ಒ ನೋ?"

ಪುರೋಹಿತರು ನಲವತ್ತು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ ಎಂದರು. ಪಂಚಾಂಗದಲ್ಲಿ ಓ ಎಂದಿದೆ, ಒ ಎಂದು ಇಟ್ಟರೂ ದೋಷವಿಲ್ಲ, ನಿಮ್ಮಿಷ್ಟ ಎಂದು ಹೇಳಿ ಬಚಾವಾದರು. ಅಕ್ಕ ಫೋನಿಟ್ಟು ಕಡತ ಬಿಚ್ಚಿ ಮೊದಲ ಟಿಪ್ಪಣಿ ಬರೆದಳು. ‘ಹ್ರಸ್ವ ಒ. ತೀರ್ಮಾನವಾಗಿದೆ.’

ನಾನು ಮೊಬೈಲಿನಲ್ಲಿ ಆಗಲೇ ಹುಡುಕಿಟ್ಟುಕೊಂಡಿದ್ದ ಓಜಸ್ವಿನಿ, ಓಂಕಾರಿ ಎಲ್ಲ ಅಲ್ಲಿಗೇ ಅನರ್ಹರಾದರು. "ಯಾಕಕ್ಕಾ, ದೀರ್ಘದಲ್ಲಿ ಒಳ್ಳೊಳ್ಳೆ ಹೆಸರಿವೆ" ಎಂದೆ.

"ದೀರ್ಘ ಓ ಇಲ್ಲಿಯವರ ಹತ್ರ ಬೇಕಾದಷ್ಟಿದೆ ಕಣೋ. ಹ್ರಸ್ವ ಒ ಹಿಂದಿಯಲ್ಲಿ ಇಲ್ಲವೇ ಇಲ್ಲ. ಈ ಊರಲ್ಲಿ ಆ ಅಕ್ಷರ ಇರಬೇಕಾದ್ರೆ ಅದು ನಮ್ಮ ಮನೆಯಿಂದಲೇ ಬರಬೇಕು. ನಿನ್ನ ಮಗಳು ತನ್ನ ಹೆಸರು ಹೇಳೋಕಾದ್ರೂ ದಿನಕ್ಕೆ ನಾಲ್ಕು ಸಲ ಕನ್ನಡ ಆಡಲಿ."

ಇದರಲ್ಲಿ ಒಂದು ತೊಡಕಿತ್ತು. ಆ ಅಕ್ಷರ ನಮ್ಮ ಮನೆಯಲ್ಲೂ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ನನ್ನ ಹೆಂಡತಿ ಎಣಿಸುವುದೇ "ಓಂದು, ಎರಡು" ಎಂದು. ಹಿರಿಯ ಮಗಳು ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಹಿಂದಿಯಲ್ಲಿ. ಅಕ್ಕ ಇಬ್ಬರನ್ನೂ ಸೋಫಾದ ಮೇಲೆ ಕೂರಿಸಿ ಒಕಾರದ ಪದಗಳ ಅಭ್ಯಾಸ ಶುರು ಮಾಡಿದಳು. ಒಲೆ, ಒನಕೆ, ಒರಳು, ಒಡವೆ, ಒಗ್ಗರಣೆ, ಒಬ್ಬಟ್ಟು. ಬಾಣಂತಿ ಮಗುವಿಗೆ ಹಾಲು ಕುಡಿಸುತ್ತಲೇ "ಒ... ಒ..." ಎಂದು ಸಾಧನೆ ಮಾಡಿದಳು. ಹಿರಿಯ ಮಗಳು ಪಟ್ಟಿಯನ್ನೆಲ್ಲ ಗಂಭೀರವಾಗಿ ಕೇಳಿ, "ಅತ್ತೆ, ಡನ್. ಬೇಬಿ ಕಾ ನಾಮ್ ಒಬ್ಬಟ್ಟು" ಎಂದಳು. ಉಚ್ಚಾರ ಶುದ್ಧವಾಗಿತ್ತು. ಅಕ್ಕ ಕಡತದಲ್ಲಿ ಅದನ್ನೂ ಬರೆದುಕೊಂಡಳು. ಬಂದ ಅರ್ಜಿಯನ್ನು ಓದದೆ ತಿರಸ್ಕರಿಸುವುದು ನಿಯಮಕ್ಕೆ ವಿರುದ್ಧವಂತೆ.

ಆಮೇಲೆ ಪರೀಕ್ಷೆಗಳು ಶುರುವಾದವು.

ಮೊದಲನೆಯದು ಕೂಗುವ ಪರೀಕ್ಷೆ. ಹೆಸರು ಎಂದರೆ ಬರೆಯುವುದಕ್ಕಲ್ಲ, ಕೂಗುವುದಕ್ಕೆ ಎಂಬುದು ಅಕ್ಕನ ಸಿದ್ಧಾಂತ. ಆಟದ ಬಯಲಿನಲ್ಲಿ ಮೈಮರೆತ ಮಗುವಿನ ಕಿವಿಗೆ ಅದು ತಲುಪಬೇಕು. ಬೆಳಗ್ಗೆ ಹತ್ತು ಗಂಟೆಗೆ ಅವಳು ಬಾಲ್ಕನಿಯಲ್ಲಿ ನಿಂತು, ಕೆಳಗಿನ ಉದ್ಯಾನದಲ್ಲಿ ನನ್ನನ್ನು ನಿಲ್ಲಿಸಿ, ಹನ್ನೊಂದನೇ ಮಹಡಿಯಿಂದ "ಒಡವೇ" ಎಂದು ಕೂಗಿದಳು. ಎರಡು ಟವರಿನ ಪಾರಿವಾಳಗಳೆಲ್ಲ ಎದ್ದವು. ಸೆಕ್ಯೂರಿಟಿಯವನು ಇಂಟರ್‌ಕಾಮಿನಲ್ಲಿ, "ಮೇಡಂ ಜೀ, ಏನಾದರೂ ಬಿದ್ದುಹೋಯಿತೇ?" ಎಂದು ಹಿಂದಿಯಲ್ಲಿ ಕೇಳಿದ. ಅಕ್ಕ ಅವನಿಗೆ "ಹೌದು, ಒಂದು ಹೆಸರು ಬಿತ್ತು" ಎಂದು ಹೇಳಿ ಒಡವೆಯನ್ನು ಹೊಡೆದು ಹಾಕಿದಳು. "ಬೇಡ. ಹೆಣ್ಣುಮಗು ಯಾರದೋ ಕಪಾಟಿನಲ್ಲಿ ಇಡೋ ವಸ್ತು ಅಲ್ಲ" ಎಂದು ಷರಾ ಬೇರೆ ಬರೆದಳು.

ಎರಡನೆಯದು ಬೈಯುವ ಪರೀಕ್ಷೆ. ಬೈಯುವುದಕ್ಕೆ ಬಾರದ ಹೆಸರಿಟ್ಟರೆ ತಾಯಿಗೆ ಕಷ್ಟ. ‘ಒಯ್ಯಾರಿ’ ಇಲ್ಲೇ ಬಿದ್ದುಹೋಯಿತು, ಅದು ಆಗಲೇ ಬೈಗುಳವಾದ್ದರಿಂದ.

ಮೂರನೆಯದು ಐವತ್ತರ ಪರೀಕ್ಷೆ. ತೊಟ್ಟಿಲಿನಲ್ಲಿ ಚೆಂದ ಕಾಣುವ ಹೆಸರು ಐವತ್ತನೇ ವಯಸ್ಸಿನಲ್ಲಿ ಕಛೇರಿಯ ಬಾಗಿಲ ಮೇಲೆ ಹೇಗೆ ಕಾಣುತ್ತದೆ? ಅದಕ್ಕೆ ಅಕ್ಕ ಊಟದ ಮೇಜಿನ ಹಿಂದೆ ಕನ್ನಡಕ ಹಾಕಿಕೊಂಡು ಜಾಯಿಂಟ್ ಸೆಕ್ರೆಟರಿಯಾಗಿ ಕೂತಳು. ನಾನು ಜವಾನನಾಗಿ ಬಾಗಿಲಲ್ಲಿ ನಿಂತು, "ಶ್ರೀಮತಿ ಒನಪು ಮೇಡಂ ಬರುತ್ತಿದ್ದಾರೆ" ಎಂದು ಘೋಷಿಸಬೇಕಿತ್ತು. ಹೇಳುವಷ್ಟರಲ್ಲಿ ನನಗೆ ನಗು ತಡೆಯಲಾಗಲಿಲ್ಲ. "ಜವಾನನೇ ನಗ್ತಾನೆ ಅಂದ್ರೆ ಮಂತ್ರಿ ಬಿಡ್ತಾನೇನೋ?" ಎಂದು ಅಕ್ಕ ಒನಪನ್ನೂ ತೆಗೆದುಹಾಕಿದಳು.

ಆದರೆ ಎಲ್ಲಕ್ಕಿಂತ ಕಠಿಣವಾದದ್ದು ದೋಸೆ ಅಂಗಡಿಯ ಪರೀಕ್ಷೆ. ನಮ್ಮ ಸೊಸೈಟಿಯ ಎದುರಿನ ಮಾರುಕಟ್ಟೆಯಲ್ಲಿ ಒಂದು ದೋಸೆ ಅಂಗಡಿಯಿದೆ. ಸಂಜೆ ಗಲಾಟೆಯ ಹೊತ್ತಿನಲ್ಲಿ ನಮ್ಮ ಹೆಸರು ಬರೆದುಕೊಂಡು, ದೋಸೆಯಾದಾಗ ಮೈಕಿನಲ್ಲಿ ಕೂಗುತ್ತಾರೆ. ಕೌಂಟರಿನಲ್ಲಿ ಕೂರುವವನು ದಪ್ಪ ಮೀಸೆಯ, ಅಲಿಗಢ ಕಡೆಯ ಒಬ್ಬ ಭಯ್ಯಾ. ಅವನ ಬಾಯಲ್ಲಿ ಹೆಸರು ಏನಾಗಿ ಹೊರಬರುತ್ತದೋ ಅದೇ ನಾಳೆ ಶಾಲೆಯಲ್ಲೂ ಆಸ್ಪತ್ರೆಯಲ್ಲೂ ಬ್ಯಾಂಕಿನಲ್ಲೂ ಆಗುವುದು ಎಂದು ಅಕ್ಕನ ವಾದ. ತಪ್ಪೆನ್ನಲಾಗದು. ಇಪ್ಪತ್ತೆಂಟು ವರ್ಷ ಲಕೋಟೆಗಳ ಮೇಲೆ ಹೆಸರು ಬರೆದವಳು ಅವಳು. ತಪ್ಪು ಹೆಸರಿನ ಲಕೋಟೆ ಎಲ್ಲೆಲ್ಲಿ ಅಲೆದು ವಾಪಸು ಬರುತ್ತದೆ ಎನ್ನುವುದು ಅವಳಿಗೆ ಗೊತ್ತು.

ಆ ಸಂಜೆ ಅವಳು ಒಂದು ಮಸಾಲೆ ದೋಸೆ ಹೇಳಿ, ಹೆಸರು ‘ಒಲವು’ ಎಂದು ಬರೆಸಿದಳು. ಅವನು ಇಂಗ್ಲಿಷಿನಲ್ಲಿ ಬರೆದುಕೊಂಡ. ನಾನು, ಅಕ್ಕ, ಹಿರಿಯ ಮಗಳು ಮೂಲೆಯ ಮೇಜಿನಲ್ಲಿ ಕೂತು ಫಲಿತಾಂಶಕ್ಕೆ ಕಾದೆವು. ಹತ್ತು ನಿಮಿಷದ ಮೇಲೆ ಮೈಕು ಗೊರಗೊರ ಎಂದಿತು.

"ಓ ಲವ್... ಓ ಲವ್ ಕೌನ್ ಹೈ? ಓ ಲವ್ ಜೀ, ಆಪ್ ಕಾ ಮಸಾಲಾ ಡೋಸಾ ತೈಯಾರ್ ಹೈ."

ಇಡೀ ಅಂಗಡಿ ತಿರುಗಿ ನೋಡಿತು. ಐವತ್ತು ವರ್ಷದ, ಹತ್ತಿ ಸೀರೆಯುಟ್ಟ, ಕನ್ನಡಕವನ್ನು ದಾರದಲ್ಲಿ ಕಟ್ಟಿಕೊಂಡ ಓ ಲವ್ ಜೀ ಎದ್ದು ನಿಂತು, ಯಾರ ಮುಖವನ್ನೂ ನೋಡದೆ ಕೌಂಟರಿಗೆ ನಡೆದುಹೋಗಿ ದೋಸೆ ತಂದಳು. ಮಗಳು ಮೇಜಿನ ಕೆಳಗೆ ಹೋಗಿ ನಗುತ್ತಿದ್ದಳು. ಅಕ್ಕ ದೋಸೆಯ ಮೊದಲ ತುತ್ತು ಮುರಿಯುತ್ತ ನನಗೆ ಹೇಳಿದಳು: "ದೋಸೆ ಪಾಸು. ಹೆಸರು ಫೇಲು."

ಹೀಗೆ ಎರಡು ವಾರ ಕಳೆಯಿತು. ಎದುರು ಫ್ಲ್ಯಾಟಿನ ಆಂಟಿಜೀ ದಿನಾ ಬಾಗಿಲಲ್ಲಿ ನಿಂತು, "ನಾಮ್ ಹುವಾ ಕ್ಯಾ?" ಎಂದು ಕೇಳಿ ಹೋಗುತ್ತಿದ್ದರು. ಮಗು ಹೆಸರಿಲ್ಲದೆಯೇ ದಪ್ಪಗಾಗುತ್ತಿತ್ತು.

ಆಗ ಊರಿನಿಂದ ನಮ್ಮ ಚಿಕ್ಕಪ್ಪನ ಫೋನ್ ಬಂತು. ಎಂಬತ್ತು ದಾಟಿದ ಮನುಷ್ಯ, ಕಿವಿ ಮಂದ. ತಮಗೆ ಕೇಳಿಸುವುದಿಲ್ಲವೆಂದು ತಾವೇ ಜೋರಾಗಿ ಮಾತಾಡುತ್ತಾರೆ. ನಾನು ಕೈಯಲ್ಲಿ ಮಗುವನ್ನು ಹಿಡಿದಿದ್ದೆನಾದ್ದರಿಂದ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಅಕ್ಕ ಎದುರಿನಲ್ಲಿ ಕಡತ ಹರಡಿಕೊಂಡು ಕೂತಿದ್ದಳು.

"ಎರಡನೇದೂ ಹೆಣ್ಣಂತೆ?"

"ಹೌದು ಚಿಕ್ಕಪ್ಪ. ಹೆಸರು ಹುಡುಕ್ತಿದ್ದೀವಿ."

"ಅದಕ್ಕೇನು ಅಷ್ಟೊಂದು ಹುಡುಕೋದು? ನಿಮ್ಮಪ್ಪ ಹುಡುಕಿದನೇ? ನಾಲ್ಕನೇದಕ್ಕೆ ಸಾಕಮ್ಮ ಅಂತ ಇಟ್ಟ, ದೇವರಿಗೆ ಅರ್ಥ ಆಯ್ತು, ಮುಂದೆ ನೀನು ಹುಟ್ಟಿದೆ. ನೀನೂ ಅಂಥದ್ದೇ ಒಂದು ಇಟ್ಟು ನೋಡು."

ನಾಲ್ಕನೆಯದು ಎಂದರೆ ನನ್ನ ಎದುರಿಗೆ ಕೂತಿದ್ದವಳು. ನಮ್ಮಕ್ಕನ ಹೆಸರು ಸಾಕಮ್ಮ.

ಹಿರಿಯೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮಪ್ಪನದೊಂದು ಸೈಕಲ್ ಶಾಪು. ಸಾಲಾಗಿ ಮೂರು ಹೆಣ್ಣುಮಕ್ಕಳು ಹುಟ್ಟಿ, ನಾಲ್ಕನೆಯದೂ ಹೆಣ್ಣಾದಾಗ ಮನೆಯಲ್ಲಿ ಯಾರಿಗೂ ಹೆಸರು ಹುಡುಕುವ ಉತ್ಸಾಹ ಇರಲಿಲ್ಲ. ಸಾಕು ಎಂದು ದೇವರಿಗೆ ಹೇಳಬೇಕಾಗಿದ್ದ ಮಾತನ್ನೇ ಮಗುವಿಗೆ ಹೆಸರಾಗಿ ಇಟ್ಟುಬಿಟ್ಟರು. ದೇವರು ನಿಧಾನಕ್ಕೆ ಕೇಳಿಸಿಕೊಂಡ. ಹತ್ತು ವರ್ಷದ ಮೇಲೆ, ಯಾರೂ ಕಾಯದಿದ್ದಾಗ, ನಾನು ಹುಟ್ಟಿದೆ. ನನಗೆ ಮೂರು ದಿನ ಹುಡುಕಿ ಹೆಸರಿಟ್ಟರಂತೆ, ಬೀದಿಗೆಲ್ಲ ಸಕ್ಕರೆ ಹಂಚಿದರಂತೆ. ಆದರೆ ಹೆರಿಗೆಯ ಮೇಲೆ ಅಮ್ಮ ಎರಡು ವರ್ಷ ಹಾಸಿಗೆ ಬಿಟ್ಟು ಏಳಲಿಲ್ಲ. ದೊಡ್ಡಕ್ಕಂದಿರಿಬ್ಬರಿಗೆ ಮದುವೆಯಾಗಿತ್ತು, ಮೂರನೆಯವಳ ಪಾಲಿಗೆ ಅಡುಗೆಮನೆ ಬಂತು, ನಾಲ್ಕನೆಯವಳ ಪಾಲಿಗೆ ನಾನು ಬಂದೆ. ಹತ್ತು ವರ್ಷದ ಹುಡುಗಿ ನನ್ನನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಹೋಗುತ್ತಿದ್ದಳು. ಮೇಷ್ಟ್ರು ಬೈದರೆ ಕಿಟಕಿಯ ಹೊರಗೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಲ್ಲಿಂದಲೇ ಪಾಠ ಕೇಳುತ್ತಿದ್ದಳು. ಹಾಗೆ ಕೇಳಿದ ಪಾಠದಲ್ಲೇ ತಾಲ್ಲೂಕಿಗೆ ಮೊದಲು ಬಂದಳು. ಆಮೇಲೆ ಪರೀಕ್ಷೆ ಬರೆದು, ಒಬ್ಬಳೇ ರೈಲು ಹತ್ತಿ ದೆಹಲಿಗೆ ಬಂದಳು. ಮದುವೆಯ ಮಾತು ಎತ್ತಿದವರಿಗೆ ಇವತ್ತಿಗೂ "ಆ ಕಡತ ಮೇಲಿನವರ ಹತ್ತಿರ ಇದೆ" ಎನ್ನುತ್ತಾಳೆ.

ಒಂದು ಭಾನುವಾರ ನೆನಪಾಗುತ್ತದೆ. ಆಗ ನಾನು ದೆಹಲಿಯ ಓಲ್ಡ್ ರಾಜಿಂದರ್ ನಗರದ ಒಂದು ಕೋಣೆಯಲ್ಲಿ ಇನ್ನೂ ಮೂವರ ಜೊತೆ ಇದ್ದುಕೊಂಡು ಐಎಎಸ್ ಪರೀಕ್ಷೆಗೆ ಓದುತ್ತಿದ್ದೆ. ಅದರಲ್ಲಿ ನಾನು ಪಾಸಾಗಲಿಲ್ಲ, ಆ ಕತೆ ಇಲ್ಲಿ ಬೇಡ. ಅಕ್ಕ ವಾರಕ್ಕೊಮ್ಮೆ ದೊಡ್ಡ ಡಬ್ಬಿಯಲ್ಲಿ ನಾಲ್ವರಿಗೂ ಬಿಸಿಬೇಳೆಬಾತು ಹೊತ್ತು ತರುತ್ತಿದ್ದಳು. ನನ್ನ ಜೊತೆಯವರಿಗೆಲ್ಲ ಅವಳು ‘ಸಕಮ್ಮಾ ದೀದಿ’. ಅವತ್ತು ಪಟ್ನಾದವನೊಬ್ಬ ಉಣ್ಣುತ್ತ ಅವಳ ಹೆಸರಿನ ಅರ್ಥ ಕೇಳಿದ, "ದೀದಿ, ಆಪ್ ಕೇ ನಾಮ್ ಕಾ ಮತ್ಲಬ್ ಕ್ಯಾ ಹೈ?"

ಅಕ್ಕ ಬಡಿಸುವುದನ್ನು ನಿಲ್ಲಿಸದೆ, "ನಮ್ಮ ಕಡೆ ಒಬ್ಬಳು ದೇವಿ ಇದ್ದಾಳೆ, ಅವಳ ಹೆಸರು" ಎಂದು ಹಿಂದಿಯಲ್ಲಿ ಹೇಳಿದಳು. ನಾನು ತಟ್ಟೆ ನೋಡುತ್ತ ಕೂತಿದ್ದೆ.

ಅವಳನ್ನು ಮೆಟ್ರೋದ ತನಕ ಬಿಡಲು ಹೋದಾಗ, "ಅಕ್ಕಾ, ಅಫಿಡವಿಟ್ ಮಾಡಿಸಿ ಹೆಸರು ಬದಲಾಯಿಸಿಕೊಳ್ಳಬಹುದಲ್ವಾ?" ಎಂದೆ.

ಅವಳು ಖಾಲಿ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಯಾಕೆ ಬದಲಾಯಿಸಲಿ? ಮಾರ್ಕ್ಸ್ ಕಾರ್ಡಲ್ಲಿ ಇರೋದು ಅದೇ ಹೆಸರು. ತಾಲ್ಲೂಕಿಗೆ ಮೊದಲು ಬಂದವಳು ಸಾಕಮ್ಮನೇ, ಬೇರೆ ಯಾರೂ ಅಲ್ಲ. ಆದ್ರೂ ಒಂದು ಮಾತು ಹೇಳ್ತೀನಿ ಕಣೋ. ನಂಗೆ ಈ ದೆಹಲಿ ಯಾಕೆ ಇಷ್ಟ ಗೊತ್ತಾ? ಇಲ್ಲಿ ನನ್ನ ಹೆಸರಿಗೆ ಅರ್ಥ ಇಲ್ಲ" ಎಂದಳು.

ಆ ಸಾಕಮ್ಮನೇ ಈಗ ನನ್ನ ಮಗಳ ಹೆಸರಿನ ಕಡತ ಇಟ್ಟುಕೊಂಡು ಕೂತಿದ್ದಳು. ಮೇಜಿನ ಮೇಲೆ ಫೋನು ಇನ್ನೂ ಮಾತಾಡುತ್ತಲೇ ಇತ್ತು. ಅಕ್ಕ ಬಗ್ಗಿ ಫೋನಿನ ಹತ್ತಿರ ಬಾಯಿ ತಂದು, ಆ ಮಂದ ಕಿವಿಗೆ ಕೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಚಿಕ್ಕಪ್ಪ, ನಾನು ಸಾಕಮ್ಮ ಮಾತಾಡ್ತಿರೋದು. ಈ ಮಗು ದಾರಿ ತಪ್ಪಿ ಬಂದಿದ್ದಲ್ಲ, ನಮ್ಮನ್ನು ಒಲಿದು ಬಂದಿದ್ದು. ನಿಮ್ಮ ಮೊಣಕಾಲು ನೋವು ಹೇಗಿದೆ? ಔಷಧಿ ತಗೊಳ್ತಾ ಇದ್ದೀರಾ?"

ಚಿಕ್ಕಪ್ಪ ತಡಬಡಿಸಿ, ಮೊಣಕಾಲಿನ ವಿಷಯ ಎರಡು ನಿಮಿಷ ಹೇಳಿ ಫೋನಿಟ್ಟರು. ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುವುದು ಬಹಳ ಹೊತ್ತು ನಡೆಯಿತು. ಮತ್ತೆ ಹಾಕಿಕೊಂಡವಳೇ, ಆಡಿದ ಮಾತು ತನಗೇ ಈಗ ಕೇಳಿಸಿದವಳ ಹಾಗೆ ಲೇಖನಿ ತೆಗೆದುಕೊಂಡು ಕಡತದಲ್ಲಿ ಒಂದೇ ಪದ ಬರೆದಳು. ನಾನು ಬಗ್ಗಿ ನೋಡಿದೆ. ‘ಒಲುಮೆ’.

ಇನ್ನೇನು ಮುಗಿಯಿತು ಎಂದುಕೊಂಡಿರಾ? ಆ ಸಂಜೆಯೇ ನನ್ನನ್ನೂ ಹಿರಿಯ ಮಗಳನ್ನೂ ಹೊರಡಿಸಿಕೊಂಡು ದೋಸೆ ಅಂಗಡಿಗೆ ಬಂದಳು. ನಿಯಮ ಎಂದರೆ ನಿಯಮ. ಮೀಸೆಯ ಭಯ್ಯಾ ಹೆಸರು ಬರೆದುಕೊಂಡ. ನಾವು ಮೂಲೆಯಲ್ಲಿ ಕೂತೆವು. ನಾನಂತೂ ಮನಸ್ಸಿನಲ್ಲೇ ಕೈ ಮುಗಿದೆ. ಮೈಕು ಗೊರಗೊರ ಎಂದಿತು.

"ವಾಲ್ಯೂಮ್! ವಾಲ್ಯೂಮ್ ಜೀ, ದೋ ಮಸಾಲಾ ಡೋಸಾ."

ಯಾರೋ ಒಬ್ಬರು ಮೈಕಿನ ಸದ್ದು ಕಡಿಮೆ ಮಾಡಬೇಕೆಂದು ಕೇಳುತ್ತಿದ್ದಾರೆ ಎಂದುಕೊಂಡು ಪಕ್ಕದ ಗಲ್ಲಾದಲ್ಲಿ ಕೂತಿದ್ದವನು ಗುಂಡಿ ತಿರುಗಿಸಿದ. ಹಿರಿಯ ಮಗಳು ಮೇಜಿನ ಕೆಳಗೆ ಹೋದಳು. ಈ ಹೆಸರೂ ಹೋಯಿತು, ಮಗು ಶಾಲೆಗೆ ಸೇರುವ ತನಕ ಹೆಸರಿಲ್ಲದೆಯೇ ಇರುತ್ತದೆ ಎಂದುಕೊಂಡೆ.

ಅಕ್ಕ ಎದ್ದಳು. ನೇರ ಕೌಂಟರಿಗೆ ಹೋಗಿ ನಿಂತಳು. ಹಿಂದೆ ಉದ್ದ ಸಾಲು.

"ಭಯ್ಯಾ, ವಾಲ್ಯೂಮ್ ನಹೀಂ. ಒಲುಮೆ."

"ಓಲುಮೇ."

"ಓ ನಹೀಂ. ಒ. ಛೋಟಾ ವಾಲಾ. ಬಾಯಿ ತೆಗೆದ ಕೂಡಲೇ ಮುಚ್ಚಬೇಕು. ಒ."

ಮೀಸೆ ಎರಡು ಸಲ ಮೇಲೆ ಕೆಳಗೆ ಆಡಿತು. "ಓ... ಒ... ಒಲುಮೆ."

"ಫಿರ್ ಸೇ."

"ಒಲುಮೆ." ಅವನು ಸಾಲಿನಲ್ಲಿ ನಿಂತವರ ಕಡೆ ತಿರುಗಿ ಸ್ವಲ್ಪ ನಾಚಿಕೊಂಡು, "ಮೇಡಂ ಜೀಯ ಮೊಮ್ಮಗಳ ಹೆಸರಂತೆ" ಎಂದು ಏನೋ ವಿವರಿಸಿದ. ಅಕ್ಕ "ಭತೀಜಿ ಕಾ" ಎಂದು, ತಮ್ಮನ ಮಗಳೆಂದು, ಅದನ್ನೂ ತಿದ್ದಿದಳು. ಅವನು ಮೈಕು ಎತ್ತಿಕೊಂಡು, ಯಾರೂ ಕೇಳದೆಯೇ, ಇನ್ನೊಂದು ಸಲ ಸರಿಯಾಗಿ ಕೂಗಿದ. ಹ್ರಸ್ವ ಒಕಾರ ಇಂದಿರಾಪುರದ ಮಾರುಕಟ್ಟೆಯಲ್ಲಿ ಮೊದಲ ಸಲ ಸ್ಪಷ್ಟವಾಗಿ ಮೊಳಗಿತು.

ದೋಸೆ ತಂದಿಟ್ಟು ಕೂತ ಅಕ್ಕನನ್ನು ನಾನು ಕೇಳಿದೆ. "ಇದೂ ಫೇಲೇ ತಾನೇ ಆಗಿದ್ದು? ಹೊಡೆದು ಹಾಕಲಿಲ್ಲವಲ್ಲ?"

"ಇಷ್ಟು ದಿನ ಹೆಸರನ್ನು ಪರೀಕ್ಷೆ ಮಾಡ್ತಿದ್ದೆ ಕಣೋ. ಇವತ್ತು ಊರನ್ನು ಪರೀಕ್ಷೆ ಮಾಡಿದೆ" ಎಂದಳು. "ಕಲಿಸಿದ್ರೆ ಪಾಸಾಗುತ್ತೆ."

ನನಗೆ ಆ ಕ್ಷಣ ಎದ್ದು ನಿಂತು, ಇವಳು ನಮ್ಮಕ್ಕ ಎಂದು ಆ ಮೈಕಿನಲ್ಲಿ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಎರಡು ದೋಸೆಯಲ್ಲಿ ಒಂದನ್ನು ಅವಳೇ ನನ್ನ ತಟ್ಟೆಗೆ ಹಾಕಿದಳು, ತಿಂದೆ.

ತಿಂಗಳು ತುಂಬುವ ಹೊತ್ತಿಗೆ ನಾಮಕರಣ ಇಟ್ಟುಕೊಂಡೆವು. ನಮ್ಮ ಹಾಲಿನಲ್ಲೇ ತೊಟ್ಟಿಲು, ದೆಹಲಿಯಲ್ಲೇ ಇರುವ ನಮ್ಮ ಕಡೆಯ ಒಬ್ಬ ಪುರೋಹಿತರು, ಅಕ್ಕಪಕ್ಕದ ಫ್ಲ್ಯಾಟಿನವರು. ಅಕ್ಕ ಆಂಟಿಜೀಗೆ ಹಿಂದಿನ ದಿನವೇ ತಾಲೀಮು ಕೊಟ್ಟಿದ್ದಳು. ಅವರು ಬಂದವರಿಗೆಲ್ಲ "ಓ ಅಲ್ಲ, ಒ" ಎಂದು ತಾವೇ ಪಾಠ ಹೇಳುತ್ತ ಓಡಾಡುತ್ತಿದ್ದರು. ಅಕ್ಕ ರೇಷ್ಮೆ ಸೀರೆಯುಟ್ಟು, ಮಗುವಿನ ಕಿವಿಯ ಹತ್ತಿರ ಬಗ್ಗಿ ಮೂರು ಸಲ ಹೆಸರು ಹೇಳಿದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಲ್ಲಿ ನಾನು ಆ ಹೆಸರು ಬರೆದೆ.

ಪುರೋಹಿತರು ಕೇಳಿದರು, "ಕರೆಯೋ ಹೆಸರು ಆಯ್ತು. ಮನೆ ಹಿರಿಯರದ್ದು ಇನ್ನೊಂದು ಹೆಸರು ಸೇರಿಸೋ ಪದ್ಧತಿ ಇದೆಯಲ್ಲ. ಯಾರದು ಬರೆಯೋಣ?"

ನಾನು ಅಮ್ಮನ ಹೆಸರು ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ನನ್ನ ಹೆಂಡತಿ, "ಅಕ್ಕನ ಹೆಸರು ಬರೆಯಿರಿ. ಸಾಕಮ್ಮ ಅಂತ" ಎಂದಳು.

ಹಾಲಿನಲ್ಲಿ ಕನ್ನಡ ಬಲ್ಲವರೆಲ್ಲ ಅಕ್ಕನ ಕಡೆ ತಿರುಗಿದರು. ಪುರೋಹಿತರು ನನ್ನ ಮುಖ ನೋಡಿದರು. ಅಕ್ಕ ತೊಟ್ಟಿಲಿನ ಹಗ್ಗ ಹಿಡಿದು ನಿಂತವಳು ಹಾಗೇ ನಿಂತಿದ್ದಳು. ನಾನು ಹೆಂಡತಿಯ ಕಿವಿಯಲ್ಲಿ, "ಅದು ಬೇಡ, ಅದರ ಅರ್ಥ ನಿನಗೆ ಗೊತ್ತಿಲ್ಲ" ಎಂದೆ. ಚಿಕ್ಕಪ್ಪನ ಫೋನ್ ಬಂದಾಗ ಅವಳು ಒಳಗೆ ಮಲಗಿದ್ದಳು. ನಾನಾಗಿ ಅವಳಿಗ್ಯಾವತ್ತೂ ಹೇಳಿರಲಿಲ್ಲ.

"ಗೊತ್ತಿದೆಯಲ್ಲ" ಎಂದಳು ಅವಳು, ತನ್ನ ದೆಹಲಿ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ. "ಸಾಕೋದು ಅಂದ್ರೆ ಪಾಲ್‌ನಾ. ಇವರನ್ನ ಚಿಕ್ಕವರಿದ್ದಾಗ ಅಕ್ಕಾನೇ ಸಾಕಿದ್ದು, ಸ್ಕೂಲಿಗೆ ಎತ್ಕೊಂಡು ಹೋಗಿದ್ದು. ಅದಕ್ಕೇ ಅಲ್ವಾ ಎಲ್ಲ ಸಾಕಮ್ಮ ಅನ್ನೋದು? ಸಾಕಿದ ಅಮ್ಮ. ಮದುವೆ ಕಾರ್ಡಲ್ಲಿ ಹೆಸರು ನೋಡಿದಾಗಲೇ ನಂಗೆ ಗೊತ್ತಾಯ್ತು."

ನಲವತ್ತು ವರ್ಷದಿಂದ ನಾನು ಕನ್ನಡ ಆಡುತ್ತಿದ್ದೇನೆ. ಸಾಕು ಎನ್ನುವ ಪದಕ್ಕೆ ಆ ಅರ್ಥವೂ ಇದೆ ಎಂದು ನನಗೆ ಗೊತ್ತಿಲ್ಲದೆ ಏನಿಲ್ಲ. ಆದರೆ ಎರಡನ್ನೂ ಜೋಡಿಸಿ ನೋಡಲು ಒಂದು ಸಲವೂ ನನಗೆ ಹೊಳೆದಿರಲಿಲ್ಲ.

ಅಕ್ಕ ತೊಟ್ಟಿಲಿನ ಹಗ್ಗ ಬಿಟ್ಟಳು. "ಬೇಡ ಕಣಮ್ಮ. ಅತ್ತೆ ಹೆಸರನ್ನೇ ಬರೀರಿ, ಅವರೂ ಸಂತೋಷಪಡ್ತಾರೆ. ನನ್ನ ಹೆಸರು ನನಗೊಬ್ಬಳಿಗೇ ಇರಲಿ" ಎಂದಳು. ‘ಅತ್ತೆ’ ಎಂದದ್ದು ನಮ್ಮಮ್ಮನನ್ನು, ನನ್ನ ಹೆಂಡತಿಗೆ ಅರ್ಥವಾಗಲೆಂದು. ಪುರೋಹಿತರು ಅಮ್ಮನ ಹೆಸರು ಸೇರಿಸಿ ಮಂತ್ರ ಮುಂದುವರಿಸಿದರು. ಅಕ್ಕ ಬಡಿಸುವ ಕಡೆ ನಡೆದುಹೋದಳು.

ರಜೆ ಮುಗಿದಿತ್ತು. ಸಂಜೆ ಸೂಟ್‌ಕೇಸು ಹಿಡಿದು ಹೊರಟವಳನ್ನು ಬಿಡಲು ನಾವು ಗಂಡ ಹೆಂಡತಿ ಮಗುವನ್ನೂ ಎತ್ತಿಕೊಂಡು ಗೇಟಿನ ತನಕ ಬಂದೆವು. ವೈಶಾಲಿ ಮೆಟ್ರೋಗೆ ಹೋಗುವ ಇ-ರಿಕ್ಷಾ ಸಿಕ್ಕಿತು. ಅಕ್ಕ ಸೀಟನ್ನು ಒತ್ತಿ ನೋಡಿ, ಹತ್ತಿ ಕೂತಳು. ಚಾಲಕ "ಚಲೇಂ ಮಾತಾಜೀ?" ಎಂದ. ಅವಳು ತಡೆ ಎಂದು ಕೈ ತೋರಿಸಿದಳು.

"ನೋಡಮ್ಮ" ಎಂದಳು, ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆ ಬಾಗಿ. "ಆಗ ಮಂತ್ರದ ಗಲಾಟೆಯಲ್ಲಿ ನಂಗೆ ಸರಿಯಾಗಿ ಕೇಳಿಸಲಿಲ್ಲ. ನನ್ನ ಹೆಸರಿಗೆ ಏನೋ ಅರ್ಥ ಹೇಳಿದೆಯಲ್ಲ, ಇನ್ನೊಂದು ಸಲ ಹೇಳು."

ಆಗ ಮಂತ್ರ ನಡೆಯುತ್ತಲೇ ಇರಲಿಲ್ಲ.

"ಸಾಕಿದ ಅಮ್ಮ" ಎಂದಳು ನನ್ನ ಹೆಂಡತಿ.

ಅಕ್ಕ ತಲೆಯಾಡಿಸಿದಳು. ಸೂಟ್‌ಕೇಸನ್ನು ಮಡಿಲಿಗೆ ಎಳೆದುಕೊಂಡು, ಚಾಲಕನ ಬೆನ್ನು ಮೆಲ್ಲಗೆ ತಟ್ಟಿ, "ಚಲೋ ಭಯ್ಯಾ" ಎಂದಳು.